ತುರಿಕೆ ನಿಂತರೂ ಮುಲಾಮು ನಿಲ್ಲಿಸಬೇಡಿ

ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗ. ತೊಡೆಯ ಸಂದು. ಎದೆಯ ಕೆಳಗಿನ ಮಡಿಕೆ. ಇಲ್ಲೆಲ್ಲ ಬೆವರು ನಿಲ್ಲುತ್ತದೆ. ಹುಳುಕಡ್ಡಿ ಹೆಚ್ಚಾಗಿ ಏಳುವುದೂ ಇಲ್ಲೇ. ಕೆಲವರು ಇದನ್ನು ಗಜಕರ್ಣ ಅಂತಾರೆ. ಮೊದಲು ಸಣ್ಣ ಕೆಂಪು ಕಲೆ. ಆಮೇಲೆ ಬಳೆಯ ಹಾಗೆ ದುಂಡಗೆ ಹರಡುತ್ತದೆ. ಅಂಚು ಉಬ್ಬಿರುತ್ತದೆ. ನಡುವೆ ವಾಸಿಯಾದ ಹಾಗೆ ಕಾಣುತ್ತದೆ. ತುರಿಕೆ ಮಾತ್ರ ತಡೆಯೋಕೆ ಆಗಲ್ಲ.

ಹೆಸರಲ್ಲಿ ಹುಳ ಇದೆ. ಆದರೆ ಚರ್ಮದೊಳಗೆ ಯಾವ ಹುಳವೂ ಇಲ್ಲ. ಮಳೆಗಾಲದಲ್ಲಿ ಉಪ್ಪಿನಕಾಯಿ ಮೇಲೆ ಬೂಷ್ಟು ಬರುತ್ತದಲ್ಲ, ಇದೂ ಅದೇ ಜಾತಿಯದು. ಇದು ಶಾಪವಲ್ಲ. ನಡತೆಯ ತಪ್ಪೂ ಅಲ್ಲ. ನಾಚಿಕೆಪಟ್ಟು ಮುಚ್ಚಿಟ್ಟರೆ ಹರಡುತ್ತದೆ. ಗಂಡನಿಗೂ ಮಕ್ಕಳಿಗೂ ಅಂಟುತ್ತದೆ.

ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡುತ್ತದೆ, ರೋಗ ಹೋಗಲ್ಲ.

ಇದಕ್ಕೆ ಕ್ಲೋಟ್ರಿಮಜೋಲ್ ಎಂಬ ಮುಲಾಮು ಇದೆ. ಆ ಜಾಗವನ್ನು ತೊಳೆದು, ಪೂರ್ತಿ ಒರೆಸಿ ಒಣಗಿಸಿ. ಮುಲಾಮನ್ನು ತೆಳ್ಳಗೆ ಹಚ್ಚಿ. ಕಲೆಯ ಮೇಲಷ್ಟೇ ಸಾಲದು. ಅಂಚಿನಿಂದ ಆಚೆಗೆ ಒಂದು ಬೆರಳಗಲ ಜಾಗಕ್ಕೂ ಹಚ್ಚಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಹಚ್ಚಿದ ಮೇಲೆ ಕೈ ತೊಳೆಯಿರಿ.

ನಾಲ್ಕೈದು ದಿನಕ್ಕೆ ತುರಿಕೆ ಕಡಿಮೆಯಾಗಬಹುದು. ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಗರಿಕೆಯನ್ನು ಮೇಲೆ ಮೇಲೆ ಕೊಯ್ದರೆ ಏನಾಗುತ್ತದೆ? ಮತ್ತೆ ಚಿಗುರುತ್ತದೆ. ಇದೂ ಹಾಗೇ. ಕಲೆ ಪೂರ್ತಿ ಹೋಗಲಿ. ಆಮೇಲೂ ಎರಡು ವಾರ ಹಚ್ಚಿ.

ಇನ್ನೊಂದು ಮೋಸ ಇದೆ. ಕೆಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಅನ್ನುವವು ಅವೇ. ಹಚ್ಚಿದ ಕೂಡಲೇ ತುರಿಕೆ ನಿಲ್ಲುತ್ತದೆ. "ಎಂಥ ಒಳ್ಳೆ ಔಷಧಿ!" ಅನಿಸುತ್ತದೆ. ಆದರೆ ಒಳಗೆ ರೋಗ ಬೆಳೆಯುತ್ತಿರುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಬರುತ್ತದೆ. ಚರ್ಮವೂ ತೆಳುವಾಗಿ ಬಿರಿಯುತ್ತದೆ. ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಆದರೂ ಅಂಗಡಿಯಲ್ಲಿ ಕೊಟ್ಟುಬಿಡುತ್ತಾರೆ. ಟ್ಯೂಬಿನ ಮೇಲಿನ ಹೆಸರು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅದಕ್ಕೆ, ದುಡ್ಡು ಕೊಡುವ ಮುಂಚೆ ಕೇಳಿ: "ಅಣ್ಣ, ಇದರಲ್ಲಿ ಸ್ಟೀರಾಯ್ಡ್ ಇದೆಯಾ?" ಮನೆಯಲ್ಲಿ ಓದುವ ಮಗಳಿದ್ದರೆ ಅವಳಿಂದಲೂ ಓದಿಸಿ.

ಈಗ ಬಟ್ಟೆಯ ಮಾತು. ನಾವು ಒಳಬಟ್ಟೆಯನ್ನು ಯಾರಿಗೂ ಕಾಣಬಾರದೆಂದು ಸೀರೆಯ ಅಡಿಯಲ್ಲಿ, ಕತ್ತಲೆ ಮೂಲೆಯಲ್ಲಿ ಒಣಗಿಸುತ್ತೇವೆ. ಅದು ಒಣಗುವುದೇ ಇಲ್ಲ. ಆ ಹಸಿ ಬಟ್ಟೆಯಲ್ಲೇ ರೋಗ ಉಳಿಯುತ್ತದೆ. ಬಿಸಿನೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ, ಬಿಸಿಲಿಗೆ ಹಾಕಿ. ನೋಡುವವರು ನೋಡಲಿ ಬಿಡಿ! ಒಬ್ಬರ ಟವೆಲು, ಹೊದಿಕೆ ಇನ್ನೊಬ್ಬರಿಗೆ ಬೇಡ. ಮನೆಯಲ್ಲಿ ಎಷ್ಟು ಜನರಿಗೆ ಇದೆಯೋ ಅಷ್ಟೂ ಜನ ಒಟ್ಟಿಗೇ ಔಷಧಿ ಮಾಡಬೇಕು.

ತಲೆಯಲ್ಲಿ, ಉಗುರಲ್ಲಿ ಬಂದರೆ ಮುಲಾಮು ಸಾಲದು. ನುಂಗುವ ಮಾತ್ರೆ ಬೇಕಾಗುತ್ತದೆ. ಬಸುರಿಯರು, ಸಕ್ಕರೆ ಕಾಯಿಲೆಯವರು ಮೊದಲೇ ಡಾಕ್ಟರಿಗೆ ತೋರಿಸಿ. ಎರಡು ವಾರ ಹಚ್ಚಿಯೂ ಕಡಿಮೆಯಾಗದಿದ್ದರೆ ಯಾರೇ ಆದರೂ ತೋರಿಸಬೇಕು.

ಕಲೆ ಇದೆ, ತುರಿಕೆ ಇಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ ಅಂದರೆ ಅದು ಹುಳುಕಡ್ಡಿಯಲ್ಲ. ಕುಷ್ಠ ಇರಬಹುದು. ಹೆದರಬೇಡಿ, ತಡವೂ ಮಾಡಬೇಡಿ. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ. ಪೂರ್ತಿ ವಾಸಿಯಾಗುತ್ತದೆ.