ಪರಾಗದ ಕಾಲದಲ್ಲಿ ಕಂಠರಕ್ಷಣೆ

ಶ್ರಾವಣ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟಗಳ ಮಠ-ಮಂದಿರಗಳಲ್ಲಿ ಪುರಾಣ, ಭಜನೆಗಳು ಆರಂಭವಾಗುತ್ತವೆ. ಶಾಲೆಗಳೂ ಭರದಿಂದ ನಡೆದಿರುತ್ತವೆ. ದೀಪಾವಳಿಯವರೆಗಿನ ಇದೇ ಅವಧಿಯಲ್ಲಿ ಕೆಲವು ಶಿಕ್ಷಕರ, ಭಜನಕಾರರ ಕಂಠ ಒಡೆಯುತ್ತದೆ. ಮಳೆಗಾಲದ ನೆಗಡಿಯೆಂದು ಸುಮ್ಮನಾಗುವುದು ವಾಡಿಕೆ. ಆದರೆ ಜ್ವರವಿಲ್ಲದೆ ಸಾಲುಸೀನು, ಕಣ್ಣು-ಮೂಗುಗಳ ತುರಿಕೆ, ನೀರಿನಂತಹ ಸಿಂಬಳ ವಾರಗಟ್ಟಲೆ ಕಾಡಿ, ಪ್ರತಿವರ್ಷ ಅದೇ ಋತುವಿನಲ್ಲಿ ಮರಳಿದರೆ ಪರಾಗದ ಅಲರ್ಜಿಯನ್ನು ಶಂಕಿಸಬೇಕು.

ಇಂತಹ ಅಲರ್ಜಿ ತರುವ ಸಸ್ಯಗಳಲ್ಲಿ ನಮಗೆ ಚಿರಪರಿಚಿತವಾದುದು ಪಾರ್ಥೇನಿಯಮ್. ನಾವು ಕಾಂಗ್ರೆಸ್ ಕಸವೆಂದೂ ಮರಾಠಿ ನೆರೆಯವರು ಗಾಜರ ಗವತವೆಂದೂ ಕರೆಯುವ ಈ ಕಳೆಯ ಮೂಲ ಅಮೆರಿಕ ಖಂಡ. 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಸಲ್ಪಟ್ಟು, ಮುಂದೆ ದೇಶವನ್ನೆಲ್ಲ ವ್ಯಾಪಿಸಿತು. ಮಳೆ ಬಿದ್ದೊಡನೆ ಬೀದಿಬದಿ, ಬೀಳುಭೂಮಿಗಳಲ್ಲಿ ಬೆಳೆದು ಬಿಳಿಯ ಹೂ ಬಿಡುತ್ತದೆ. ಇದರ ಪರಾಗ ನೆಗಡಿ-ಉಬ್ಬಸಗಳನ್ನೂ, ಸ್ಪರ್ಶವು ಚರ್ಮದ ತುರಿಕೆಯನ್ನೂ ತರಬಲ್ಲದು.

ಇದಕ್ಕೂ ಕಂಠಕ್ಕೂ ಏನು ಸಂಬಂಧ? ನಾವು ಮಾತನಾಡುವಾಗ ಧ್ವನಿಪೆಟ್ಟಿಗೆಯ ಎರಡು ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಮೇಲ್ಪೊರೆ ತೇವವಾಗಿದ್ದರೆ ಮಾತ್ರ ಈ ಕಂಪನ ಸಲೀಸು. ಮೂಗು ಕಟ್ಟಿ ಬಾಯಿಂದ ಉಸಿರಾಡಿದಾಗ ಆ ತೇವ ಆರುತ್ತದೆ. ಮೂಗಿನ ಹಿಂಬದಿಯಿಂದ ಇಳಿಯುವ ಲೋಳೆ ಗಂಟಲನ್ನು ಕೆರಳಿಸುತ್ತದೆ. ತಂತುಗಳು ಬಾತರೆ ಧ್ವನಿ ಒರಟಾಗಿ ತಗ್ಗುತ್ತದೆ. ಹಾಡುವವರಿಗೆ ತಾರಸ್ವರ ನಿಲುಕದು. ಅನುನಾಸಿಕಗಳೂ ಕೆಟ್ಟು, 'ಮನೆ' ಎಂದದ್ದು 'ಬದೆ' ಎಂಬಂತೆ ಕೇಳಿಸುತ್ತದೆ.

ಇದಕ್ಕಿಂತ ಹೆಚ್ಚಿನ ಹಾನಿಯನ್ನು ನಾವೇ ಮಾಡಿಕೊಳ್ಳುತ್ತೇವೆ. ಪದೇಪದೇ ಕ್ಯಾಕರಿಸಿದಾಗ ತಂತುಗಳು ಒಂದಕ್ಕೊಂದು ಬಡಿಯುತ್ತವೆ. ಬಾತ ತಂತುಗಳಿಂದಲೇ ದಿನವಿಡೀ ಏರುದನಿಯಲ್ಲಿ ಪಾಠ ಹೇಳಿದರೆ ಅವುಗಳ ಮೇಲೆ ಗಂಟುಗಳು ಮೂಡಬಹುದು. ಗಡಿಭಾಗದ ಹಲವು ಮಕ್ಕಳಿಗೆ ಗ್ರಾಂಥಿಕ ಕನ್ನಡ ಕಿವಿಗೆ ಬೀಳುವುದೇ ಶಿಕ್ಷಕರ ಬಾಯಿಂದ. ಆ ಕಂಠ ಉಳಿಯಬೇಕು.

ಕ್ಯಾಕರಿಸುವ ಬದಲು ಒಂದು ಗುಟುಕು ನೀರು ಕುಡಿಯಿರಿ. ಧ್ವನಿಗೆ ವಿಶ್ರಾಂತಿ ಕೊಡಿರಿ. ಪಿಸುಮಾತೂ ಆಯಾಸ ತರಬಹುದು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದು ಹಿತಕರ. ಅಲರ್ಜಿಯ ಕೆಲವು ಗುಳಿಗೆಗಳು ನೆಗಡಿಯೊಡನೆ ಗಂಟಲನ್ನೂ ಒಣಗಿಸಿ ತೂಕಡಿಕೆ ತರುತ್ತವೆ. ಆದ್ದರಿಂದ ಕಂಠವನ್ನೇ ನಂಬಿದವರು ತಮ್ಮ ಉದ್ಯೋಗವನ್ನು ವೈದ್ಯರಿಗೆ ತಿಳಿಸಿಯೇ ಔಷಧ ಪಡೆಯಬೇಕು. ಒಡಕುಧ್ವನಿ ಮೂರು ವಾರ ಮೀರಿದರೆ, ನುಂಗಲು ಕಷ್ಟವಾದರೆ, ಕಫದಲ್ಲಿ ರಕ್ತ ಕಂಡರೆ ಋತುವನ್ನು ದೂರುತ್ತ ಕೂಡದೆ ಗಂಟಲಿನ ತಜ್ಞರಿಗೆ ತೋರಿಸಬೇಕು. ಉಸಿರಾಟ ಕಷ್ಟವಾದರಂತೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಶಾಲೆ-ಮಠಗಳ ಅಂಗಳದ ಕಳೆಯನ್ನು ಹೂವಾಡುವ ಮೊದಲೇ, ಕೈಗವಸು ತೊಟ್ಟು, ಬೇರುಸಹಿತ ಕಿತ್ತರೆ ಅರ್ಧ ಕೆಲಸ ಆದಂತೆ. ಅಲರ್ಜಿಯುಳ್ಳವರೂ ಮಕ್ಕಳೂ ಈ ಕಾರ್ಯದಿಂದ ದೂರವಿರಲಿ.