ಹಾಲು ಬಿಟ್ಟ ಹಂದಿಮರಿಗಳ ಆಹಾರದಲ್ಲಿ ಸತುವಿನ ಆಕ್ಸೈಡ್: ಮಿತಿ ಏಕೆ, ಹೇಗೆ?

ತಾಯಿಯ ಹಾಲನ್ನು ಬಿಟ್ಟು ಘನ ಆಹಾರಕ್ಕೆ ಹೊರಳುವ ಅವಧಿಯು ಹಂದಿಮರಿಯ ಜೀವನದಲ್ಲಿ ಅತ್ಯಂತ ಸೂಕ್ಷ್ಮವಾದ ಘಟ್ಟವಾಗಿದೆ. ನಿಸರ್ಗಸಹಜ ಸ್ಥಿತಿಯಲ್ಲಿ ಈ ಬದಲಾವಣೆಯು ಮೂರು-ನಾಲ್ಕು ತಿಂಗಳುಗಳಲ್ಲಿ ಸ್ವಲ್ಪಸ್ವಲ್ಪವಾಗಿ ನಡೆಯುತ್ತದೆ. ದೊಡ್ಡ ವಾಣಿಜ್ಯ ಸಾಕಣೆ ಕೇಂದ್ರಗಳಲ್ಲಾದರೋ ಮೂರು-ನಾಲ್ಕು ವಾರಗಳ ಮರಿಯನ್ನು ಒಂದೇ ದಿನ ತಾಯಿಯಿಂದ ಅಗಲಿಸಿ, ಅಪರಿಚಿತ ಮರಿಗಳೊಡನೆ ಹೊಸ ಕೊಟ್ಟಿಗೆಗೆ ಸೇರಿಸಲಾಗುತ್ತದೆ. ಹಾಲಿನ ಮೂಲಕ ದೊರೆಯುತ್ತಿದ್ದ ರೋಗನಿರೋಧಕ ಅಂಶಗಳು ಅಂದಿಗೇ ನಿಲ್ಲುತ್ತವೆ. ಒಂದೆರಡು ದಿನ ಮರಿ ಮೇವನ್ನು ಮುಟ್ಟದಿರುವುದೂ ಉಂಟು. ಆಗ ಕರುಳಿನ ಒಳಪದರ ಸೊರಗುತ್ತದೆ. ಜಠರದಲ್ಲಿ ಆಮ್ಲವೂ ಸಾಕಷ್ಟಿರುವುದಿಲ್ಲ. ಸರಿಯಾಗಿ ಜೀರ್ಣವಾಗದ ಪ್ರೋಟೀನು ಕರುಳಿನ ಕೆಳಭಾಗಕ್ಕೆ ಸಾಗಿ ರೋಗಾಣುಗಳಿಗೆ ಆಹಾರವಾಗುತ್ತದೆ. ಇ. ಕೋಲಿ ಎಂಬ ಬ್ಯಾಕ್ಟೀರಿಯದ ಕೆಲವು ಬಗೆಗಳು ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ವಿಷವನ್ನು ಸ್ರವಿಸಿದಾಗ ದೇಹದ ನೀರು ಕರುಳಿಗೆ ಸೋರಿ ತೀವ್ರ ಭೇದಿ ಉಂಟಾಗುತ್ತದೆ. ಚಿಕಿತ್ಸೆ ತಡವಾದರೆ ಮರಿ ಸಾಯಬಹುದು.

ಚರ್ಮದ ಮುಲಾಮುಗಳಲ್ಲಿ ಬಳಸುವ ಬಿಳಿ ಪುಡಿಯಾದ ಸತುವಿನ ಆಕ್ಸೈಡು ಈ ಭೇದಿಯನ್ನು ತಡೆಯುವುದೆಂದು 1980ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ಸಂಶೋಧನೆಗಳಿಂದ ತಿಳಿದುಬಂದಿತು. ಮರಿಯ ದೈಹಿಕ ಅಗತ್ಯಕ್ಕೆ ಒಂದು ಕಿಲೋಗ್ರಾಂ ಆಹಾರದಲ್ಲಿ ಸುಮಾರು 100 ಮಿಲಿಗ್ರಾಂ ಸತುವು ಸಾಕು. ಔಷಧವೆಂದು ಕೊಡುತ್ತಿದ್ದುದು ಅದರ 25 ಪಟ್ಟು, ಅಂದರೆ 2500 ಮಿಲಿಗ್ರಾಂ. ಒಂದು ಟನ್ ಆಹಾರಕ್ಕೆ ಮೂರು ಕಿಲೋಗ್ರಾಂಗೂ ಮಿಕ್ಕಿ ಪುಡಿಯನ್ನು ಬೆರೆಸಬೇಕಾಗುತ್ತಿತ್ತು. ಅಗ್ಗವೂ ಪರಿಣಾಮಕಾರಿಯೂ ಆಗಿದ್ದ ಕಾರಣ ಇದರ ಬಳಕೆ ಶೀಘ್ರವಾಗಿ ಹರಡಿತು. ಬೆಳವಣಿಗೆಗಾಗಿ ಪಶು ಆಹಾರದಲ್ಲಿ ಪ್ರತಿಜೀವಕಗಳನ್ನು ಬೆರೆಸುವುದನ್ನು ಯುರೋಪಿಯನ್ ಒಕ್ಕೂಟವು 2006ರಿಂದ ನಿಲ್ಲಿಸಿದ ಬಳಿಕವಂತೂ ಸಾಕಣೆದಾರರು ಇದನ್ನೇ ಬಹುವಾಗಿ ನೆಚ್ಚಿಕೊಂಡರು.

ಆದರೆ ಹೀಗೆ ಕೊಟ್ಟ ಸತುವಿನ ಬಹುಪಾಲು ಮರಿಯ ದೇಹದಲ್ಲಿ ಉಳಿಯದೆ ಸಗಣಿಯ ಮೂಲಕ ಹೊಲವನ್ನು ಸೇರುತ್ತದೆ. ಸತುವಿನ ಕೊರತೆಯುಳ್ಳ ಮಣ್ಣಿಗೆ ಇದು ಸ್ವಲ್ಪಕಾಲ ಉಪಕಾರಿಯೆನಿಸಬಹುದು. ವರ್ಷವರ್ಷವೂ ಅದೇ ಹೊಲಕ್ಕೆ ಅದೇ ಗೊಬ್ಬರ ಬಿದ್ದರೆ ಮಾತು ಬೇರೆ. ಲೋಹವು ಕೊಳೆತು ಹೋಗುವ ವಸ್ತುವಲ್ಲ. ಎರಡನೆಯ ಅಪಾಯ ಇನ್ನೂ ಗಂಭೀರವಾದುದು. ಸತುವನ್ನು ಸಹಿಸುವ ಗುಣ ಮತ್ತು ಪ್ರತಿಜೀವಕಗಳಿಗೆ ಮಣಿಯದ ಗುಣ ಕೆಲವು ಬ್ಯಾಕ್ಟೀರಿಯಗಳಲ್ಲಿ ಜೊತೆಜೊತೆಯಾಗಿಯೇ ಇರುತ್ತವೆ. ಆದುದರಿಂದ ಹೆಚ್ಚು ಸತುವಿರುವೆಡೆ ಔಷಧಕ್ಕೆ ಬಗ್ಗದ ರೋಗಾಣುಗಳೇ ಉಳಿದು ಬೆಳೆಯುವ ಸಂಭವವಿದೆ. ಈ ಕಾರಣಗಳಿಂದ ಯುರೋಪಿಯನ್ ಆಯೋಗವು 2017ರ ಜೂನ್ ತಿಂಗಳಿನಲ್ಲಿ ಔಷಧ ಪ್ರಮಾಣದ ಬಳಕೆಗಿದ್ದ ಅನುಮತಿಯನ್ನು ಹಿಂತೆಗೆದುಕೊಳ್ಳಲು ನಿರ್ಧರಿಸಿ, ಐದು ವರ್ಷಗಳ ಕಾಲಾವಕಾಶ ನೀಡಿತು. 2022ರ ಜೂನ್‌ನಿಂದ ಅಲ್ಲಿ ಮರಿಗಳ ಆಹಾರದ ಒಟ್ಟು ಸತುವು ಕಿಲೋಗ್ರಾಂಗೆ 150 ಮಿಲಿಗ್ರಾಂ ಮೀರುವಂತಿಲ್ಲ.

ಪುಡಿಯನ್ನು ನಿಲ್ಲಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು. ನಿಷೇಧದ ನಂತರ ಡೆನ್ಮಾರ್ಕಿನಲ್ಲಿ ಮರಿಗಳ ಭೇದಿಗೆ ನಿಯೋಮೈಸಿನ್ ಎಂಬ ಪ್ರತಿಜೀವಕದ ಬಳಕೆ ಹೆಚ್ಚಿತು. ಯಾವ ಅನಿಷ್ಟವನ್ನು ತಡೆಯಲು ಸತುವನ್ನು ಕೈಬಿಡಲಾಯಿತೋ ಅದೇ ಹಿಂಬಾಗಿಲಿನಿಂದ ಬರತೊಡಗಿತು. ಎಳೆಯ ವಯಸ್ಸಿನಲ್ಲಿ ಹಾಲು ಬಿಡಿಸಿ, ಪ್ರೋಟೀನು ತುಂಬಿದ ಆಹಾರ ಕೊಡುವ ಪದ್ಧತಿಯ ಲೋಪಗಳನ್ನು ಸತುವು ಇಷ್ಟು ವರ್ಷ ಮುಚ್ಚಿಟ್ಟಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪರಿಹಾರವನ್ನೂ ಅಲ್ಲಿಯೇ ಹುಡುಕಬೇಕಾಗಿದೆ. ಆಹಾರದ ಪ್ರೋಟೀನನ್ನು ಶೇಕಡಾ 20ರ ಆಸುಪಾಸಿನಿಂದ 17-18ಕ್ಕೆ ಇಳಿಸಿ, ಲೈಸಿನ್, ಮಿಥಿಯೊನಿನ್, ಥ್ರಿಯೊನಿನ್ ಮುಂತಾದ ಅಗತ್ಯ ಅಮೈನೊ ಆಮ್ಲಗಳನ್ನು ಬೇರೆಯಾಗಿ ಸೇರಿಸಿದರೆ ಬೆಳವಣಿಗೆಗೆ ಹೆಚ್ಚಿನ ಧಕ್ಕೆಯಾಗದೆ ರೋಗಾಣುಗಳಿಗೆ ದೊರೆಯುವ ಆಹಾರ ಕಡಿಮೆಯಾಗುತ್ತದೆ. ಸುಣ್ಣಕಲ್ಲಿನ ಪುಡಿ ಜಠರದ ಆಮ್ಲವನ್ನು ಹೀರಿಕೊಳ್ಳುವುದರಿಂದ ಮೊದಲ ವಾರಗಳಲ್ಲಿ ಅದನ್ನು ಮಿತಗೊಳಿಸುವುದು ಲೇಸು. ಫಾರ್ಮಿಕ್, ಬೆಂಜೋಯಿಕ್ ಮುಂತಾದ ಆಮ್ಲಗಳನ್ನು ತಜ್ಞರ ಸಲಹೆಯ ಮೇರೆಗೆ ಸೇರಿಸುವುದುಂಟು. ತಾಯಿಯ ಬಳಿ ಇರುವಾಗಲೇ ಮರಿಗೆ ಘನ ಆಹಾರದ ರುಚಿ ಹತ್ತಿಸುವುದು, ಕೊಟ್ಟಿಗೆಯನ್ನು ಒಣದಾಗಿಯೂ ಬೆಚ್ಚಗೂ ಇಡುವುದು, ಇ. ಕೋಲಿ ವಿರುದ್ಧ ಲಸಿಕೆ ಹಾಕಿಸುವುದು ಸಹ ಉಪಯುಕ್ತ. ಇವೆಲ್ಲಕ್ಕಿಂತ ಹೆಚ್ಚು ಫಲ ನೀಡುವುದು ಹಾಲು ಬಿಡಿಸುವ ವಯಸ್ಸನ್ನು ಒಂದೆರಡು ವಾರ ಮುಂದೂಡುವುದು. ಇದರಿಂದ ವರ್ಷಕ್ಕೆ ಪ್ರತಿ ತಾಯಿಹಂದಿಯಿಂದ ದೊರೆಯುವ ಮರಿಗಳ ಸಂಖ್ಯೆ ಕಡಿಮೆಯಾಗುವುದರಿಂದ ದೊಡ್ಡ ಸಾಕಣೆದಾರರು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ಭಾರತದ ಸಣ್ಣ ಸಾಕಣೆದಾರರಲ್ಲಿ ಹಲವರು ಆರರಿಂದ ಎಂಟು ವಾರಗಳವರೆಗೆ ಮರಿಗಳನ್ನು ತಾಯಿಯ ಬಳಿಯೇ ಬಿಡುತ್ತಾರೆ. ಹಿಂದುಳಿದದ್ದೆಂದು ತೋರುವ ಈ ರೂಢಿಯೇ ಭೇದಿಯ ಮಟ್ಟಿಗೆ ಮರಿಗಳಿಗೆ ರಕ್ಷಣೆಯಾಗಿದೆ. ಬೇಗ ಹಾಲು ಬಿಡಿಸುವ ಹೊಸ ಕೇಂದ್ರಗಳನ್ನು ತೆರೆಯುವವರು ಆಹಾರ ಕೊಳ್ಳುವ ಮುನ್ನ ಅದರಲ್ಲಿ ಸತುವು ಎಷ್ಟಿದೆಯೆಂದು ವಿಚಾರಿಸುವುದು ಅವಶ್ಯ. ಭೇದಿ ಕಾಣಿಸಿಕೊಂಡರೆ ಪಶುವೈದ್ಯರನ್ನೇ ಕಾಣತಕ್ಕದ್ದು. ಇಂತಹ ಭೇದಿಗೆ ಹಿಂದೆ ಹಲವೆಡೆ ಕೊಡುತ್ತಿದ್ದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರವು 2019ರ ಜುಲೈ ತಿಂಗಳಿನಲ್ಲಿ ನಿಷೇಧಿಸಿದೆ.