ಮುಚ್ಚಳ ತೆಗೆದರೆ ತಿಳಿಯುವ ವಯಸ್ಸು

ಮೈಸೂರಿನಿಂದ ಹಾಸನದ ಕಡೆ ಹೊರಟ ಬಸ್ಸು ಕೆ.ಆರ್. ನಗರ ದಾಟಿದ ಮೇಲೆ ಭೇರ್ಯ ಸಿಗುತ್ತದೆ. ಚುಂಚನಕಟ್ಟೆ ಜಾತ್ರೆ, ಕಪ್ಪಡಿ ಜಾತ್ರೆ, ಮದುವೆ, ಪೌರಾಣಿಕ ನಾಟಕ, ಯಾವುದೇ ಇರಲಿ, ಈ ಸೀಮೆಯಲ್ಲಿ ಮೊದಲು ಬರಬೇಕಾದದ್ದು ಮೈಕ್ ಸೆಟ್. ಬಾಡಿಗೆ ಅಂಗಡಿಗಳ ಅಟ್ಟದಲ್ಲಿ ಧೂಳು ಹಿಡಿದು ಕೂತ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಬಹುಪಾಲು ಅಹುಜಾ, 1940ರಲ್ಲಿ ಶುರುವಾದ ದೆಹಲಿ ಕಂಪನಿಯದು. ಕರೆಂಟಿಗೂ ಸೈ, ಕಾರಿನ 12 ವೋಲ್ಟ್ ಬ್ಯಾಟರಿಗೂ ಸೈ. ಟೆಂಟ್ ಸಿನಿಮಾದ ಪ್ರಚಾರಕ್ಕೆ ಎತ್ತಿನ ಗಾಡಿಯ ಮೇಲೂ ಕೂರುತ್ತಿತ್ತು.

ಗಿಟಾರಿಗೆಂದೇ ಮಾಡಿದ, ಆರು ಪೆನ್‌ಸೆಲ್ ಹಾಕಿ ಹೆಗಲಿಗೆ ನೇತುಹಾಕುವ ಪಿಗ್‌ನೋಸ್ ಆಂಪ್ಲಿಫೈಯರ್ ಅಮೆರಿಕದಲ್ಲಿ ಬಂದದ್ದು 1973ರಲ್ಲಿ. ಅದು ನಮ್ಮ ಆರ್ಕೆಸ್ಟ್ರಾ ಹುಡುಗರ ಕೈಗೆಟುಕುವ ಮಾತಾಗಿರಲಿಲ್ಲ. ಅವರು ಗಿಟಾರಿನ ವಯರನ್ನು ಮೈಕ್ ಸೆಟ್ಟಿಗೇ ಚುಚ್ಚಿದರು.

ಇಂಥ ಪೆಟ್ಟಿಗೆಯೊಂದು ಸಿಕ್ಕರೆ ಮುಂಭಾಗದ ಹೆಸರಿನ ಫಲಕವನ್ನು ನಂಬಬೇಡಿ. ಒಂದು ಸೆಟ್ಟಿನ ಮುಚ್ಚಳ ಇನ್ನೊಂದಕ್ಕೆ ಕೂರಿಸುವುದು ರಿಪೇರಿಯವರಿಗೆ ಮಾಮೂಲು. ಒಳಗೆ ನೋಡಿ. ಗಾಜಿನ ವಾಲ್ವ್‌ಗಳಿದ್ದು ಬ್ಯಾಟರಿಯಲ್ಲೂ ನಡೆಯುವ ಹಳೆಯ ಸೆಟ್ ಆಗಿದ್ದರೆ, 12 ವೋಲ್ಟನ್ನು ಮುನ್ನೂರರ ಹತ್ತಿರಕ್ಕೆ ಏರಿಸಲು ಜೇನುಹುಳದಂತೆ ಗುಂಯ್‌ಗುಡುವ ವೈಬ್ರೇಟರ್ ಇರುವ ಸಂಭವ ಹೆಚ್ಚು. ಎಸಿ128ರಂಥ ಪುಟ್ಟ ಲೋಹದ ಟ್ರಾನ್ಸಿಸ್ಟರ್ ಕಂಡರೆ ಅದು ಜರ್ಮೇನಿಯಂ ಕಾಲದ್ದು. ಅದರ ಮೇಲೆ ಬಿಇಎಲ್ ಮುದ್ರೆಯಿದ್ದರೆ ಬೆರಳು ಅಲ್ಲೇ ನಿಲ್ಲುತ್ತದೆ: 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ಜಾಲಹಳ್ಳಿಯಲ್ಲಿ ತಯಾರಿಸಿತ್ತು. ದಪ್ಪ ಲೋಹದ ಟೋಪಿಯ 2ಎನ್3055 ಇದ್ದರೆ ಸೆಟ್ ಆಮೇಲಿನ ಸಿಲಿಕಾನ್ ಪೀಳಿಗೆಯದು. ಅಮೆರಿಕದ ಸ್ಪೀಕರುಗಳ ಬೆನ್ನಿಗೆ ಒತ್ತಿದ ಅಂಕಿಗಳೂ ಮಾತಾಡುತ್ತವೆ. 220732 ಎಂದಿದ್ದರೆ 220 ಜೆನ್ಸನ್ ಕಂಪನಿ, 7 ವರ್ಷದ ಕೊನೆಯ ಅಂಕಿ, 32 ವಾರ. ಆದರೆ ಸ್ಪೀಕರ್ ಬದಲಾಗಿರಬಹುದು. ಅದಕ್ಕೇ ನಾನು ಟ್ರಾನ್ಸ್‌ಫಾರ್ಮರನ್ನು ಹೆಚ್ಚು ನಂಬುತ್ತೇನೆ. ಅದರ ಬೆಸುಗೆ ಹಳೆಯದೇ, ಮರುಬೆಸುಗೆಯೇ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ.

ಗಿಟಾರ್ ನುಡಿಸುವವರು ನಿಜಕ್ಕೂ ಹೆದರಬೇಕಾದ್ದು ಎರಡು ಪಿನ್ನಿನ ಹಳೆಯ ಪ್ಲಗ್ಗಿಗೆ. ಗಿಟಾರಿನ ತಂತಿಗಳು ಬ್ರಿಡ್ಜಿನ ಮೂಲಕ ಆಂಪ್ಲಿಫೈಯರಿನ ಲೋಹದ ಬಾಡಿಗೆ ಸೇರಿಕೊಂಡಿರುತ್ತವೆ. ಟ್ರಾನ್ಸ್‌ಫಾರ್ಮರ್ ಒಳಗೆ ಸೋರಿಕೆಯಾಗಿದ್ದರೆ ಕರೆಂಟು ಬಾಡಿಗೆ ಬಂದು ತಂತಿಗೂ ಹರಿಯುತ್ತದೆ. ಹುಡುಗ ತಂತಿ ಹಿಡಿದುಕೊಂಡೇ ಬೇರೆ ಸೆಟ್ಟಿನ ಮೈಕಿಗೆ ತುಟಿ ತಾಗಿಸಿದರೆ ಜೀವಕ್ಕೇ ಅಪಾಯ. ಮೂರು ಪಿನ್ ಹಾಕಿಸಿ, ಬಾಡಿಗೆ ಅರ್ತ್ ಕೊಡಿಸದೆ ಯಾರ ಕೈಗೂ ಗಿಟಾರ್ ಕೊಡಬಾರದು. ಮೈಕ್ ಸೆಟ್ಟಿನ ಹಾರ್ನ್ ಸ್ಪೀಕರಿಗೆ ಗಿಟಾರ್ ಕೊಡುವುದೂ ತಪ್ಪು. ದಪ್ಪ ತಂತಿಯ 82 ಹರ್ಟ್ಸ್ ಸ್ವರಕ್ಕೆ ಹಾರ್ನ್ ಯೂನಿಟ್ಟಿನ ತೆಳು ಡಯಾಫ್ರಂ ಹರಿದುಹೋಗಬಹುದು. ವಾಲ್ವ್ ಸೆಟ್ಟನ್ನಂತೂ ಸ್ಪೀಕರ್ ಹಾಕದೆ ಚಾಲೂ ಮಾಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಪ್ಲಗ್ ಕಿತ್ತ ಮೇಲೂ ಅದರ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ.

ಮೊದಲ ಬಾರಿ ಕರೆಂಟು ಕೊಡುವಾಗ ಸೀರೀಸಿನಲ್ಲಿ ನೂರು ವಾಟಿನ ಹಳೆಯ ಕಾಲದ ಬಲ್ಬ್ ಇರಬೇಕು. ಬಲ್ಬ್ ಧಗಧಗ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್, ಕೂಡಲೇ ತೆಗೆಯಿರಿ. ಒಮ್ಮೆ ಬೆಳಗಿ ಮೆಲ್ಲಗೆ ಮಂಕಾದರೆ, ಸ್ಪೀಕರಿನ ಹತ್ತಿರ ಕಿವಿಯಿಟ್ಟು ವಾಲ್ಯೂಮ್ ನಾಬನ್ನು ಕೂದಲೆಳೆಯಷ್ಟು ತಿರುಗಿಸಿ.